ನಿಂತ ಲಾರಿಗೂ ವಯಸ್ಸಾಗುತ್ತದೆ

ಪಣಜಿಯಿಂದ ಬೆಳಗಾವಿಗೆ ಹೊರಟ ಹೆದ್ದಾರಿ ಹಳೆ ಗೋವಾ ದಾಟಿ, ಬಾಣಸ್ತಾರಿ ಸೇತುವೆ ಏರಿಳಿದು, ಭೋಮ ಊರಿನ ಇಕ್ಕಟ್ಟು ಹಾದು ಕುಂಡಯಿಗೆ ಬರುತ್ತದೆ. ಫೋಂಡಾ ತಾಲ್ಲೂಕಿನ ಈ ಊರಿಗೆ ಹಿಂದೆ ನವದುರ್ಗೆಯ ದೇವಸ್ಥಾನದಿಂದ ಹೆಸರು. ಈಗ ಲಾರಿಯವರ ಬಾಯಲ್ಲಿ ಕುಂಡಯಿ ಎಂದರೆ ಕೈಗಾರಿಕಾ ವಸಾಹತು. ಉಕ್ಕು, ಔಷಧಿ, ಪ್ಲಾಸ್ಟಿಕ್ ತಯಾರಿಸುವ ಶೆಡ್ಡುಗಳ ಮುಂದೆ ಫೋಂಡಾದ ಜಿಎ-05 ಲಾರಿಗಳ ಮಗ್ಗುಲಲ್ಲೇ ಬೆಳಗಾವಿಯ ಕೆಎ-22, ಧಾರವಾಡದ ಕೆಎ-25 ನಿಲ್ಲುತ್ತವೆ. ರಾಮನಗರ, ಅನಮೋಡ ಘಾಟು, ಮೊಲೆಂ ತಪಾಸಣಾ ನಾಕೆ ದಾಟಿ ಬಂದವರಿಗೆ ಇಲ್ಲಿ ಕನ್ನಡದಲ್ಲೇ ಲೋಡು ಸಿಗುತ್ತದೆ, ಕನ್ನಡದಲ್ಲೇ ಚಹಾ ಸಿಗುತ್ತದೆ.

ಪ್ರತಿ ಲಾರಿಯ ಕ್ಯಾಬಿನ್ನಿನಲ್ಲೂ ಒಂದು ಕಾಗದಪತ್ರದ ಚೀಲ ಇರುತ್ತದೆ. ಆರ್‌ಸಿ, ಪರ್ಮಿಟ್, ವಿಮೆ, ತೆರಿಗೆ ರಸೀತಿ, ಗಾಡಿಯ ಯೋಗ್ಯತೆಯ ಎಫ್‌ಸಿ, ಹೊಗೆ ತಪಾಸಣೆಯ ಪಿಯುಸಿ. ಇವುಗಳಲ್ಲಿ ಕೊನೆಯ ಎರಡು ಹೊಗೆಗೆ ಸಂಬಂಧಪಟ್ಟವು. ಮೂವತ್ತೈದು ವರ್ಷಗಳಲ್ಲಿ ಈ ಎರಡು ಕಾಗದಗಳು ಒಂದೇ ಲಾರಿ ಇಟ್ಟುಕೊಂಡವನ ಬದುಕನ್ನು ಹೇಗೆ ಹಿಡಿದವು ಎಂಬುದನ್ನು ಗೋವಾದಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಮತ್ತೊಂದಿಲ್ಲ. ಏಕೆಂದರೆ ಇಲ್ಲಿ ಸಾವಿರಾರು ಲಾರಿಗಳು ಓಡದೆಯೇ ಮುದಿಯಾದವು.

ಭಾರತದ ಲಾರಿಗಳ ಒಡೆತನ ದೊಡ್ಡ ಕಂಪನಿಗಳ ಕೈಯಲ್ಲಿ ಇಲ್ಲ. ಸಾರಿಗೆ ಕ್ಷೇತ್ರದ ಅಧ್ಯಯನಗಳು ಹೇಳುವ ಪ್ರಕಾರ ದೇಶದ ಸುಮಾರು ಮುಕ್ಕಾಲು ಪಾಲು ಲಾರಿಗಳು ಐದಕ್ಕಿಂತ ಕಡಿಮೆ ಗಾಡಿ ಇರುವವರವು. ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ಫೈನಾನ್ಸ್‌ನಿಂದ ಸಾಲ ತೆಗೆದು ಒಂದು ಲಾರಿ ಕೊಂಡವರು ಇವರಲ್ಲಿ ಬಹಳ ಮಂದಿ. ಹುಬ್ಬಳ್ಳಿ, ಬೆಳಗಾವಿ, ಹೊಸಪೇಟೆ, ಫೋಂಡಾ, ಡಿಚೋಲಿ, ಎಲ್ಲ ಕಡೆಯೂ ಇದೇ ಕಥೆ. ಕಂತು ಕಟ್ಟುವುದು, ಟೈರು ಹಾಕಿಸುವುದು, ಎಫ್‌ಸಿ ಮಾಡಿಸುವುದು ಎಲ್ಲವೂ ಒಂದೇ ಸ್ಟೇರಿಂಗಿನಿಂದ ಹುಟ್ಟಬೇಕು.

ಗೋವಾದಲ್ಲಿ ಈ ವರ್ಗವನ್ನು ಬೆಳೆಸಿದ್ದು ಅದಿರು. ಪೋರ್ಚುಗೀಸರು ಗಣಿಗಳನ್ನು ಶಾಶ್ವತ ಹಕ್ಕುಗಳಾಗಿ ಹಂಚಿದ್ದರು. 1940ರ ದಶಕದ ಕೊನೆಗೆ ಕಬ್ಬಿಣದ ಅದಿರಿನ ರಫ್ತು ಶುರುವಾಯಿತು. ಭಾರತ ಸರ್ಕಾರ ಆ ಹಕ್ಕುಗಳನ್ನು ರದ್ದು ಮಾಡಿ ಗಣಿ ಗುತ್ತಿಗೆಗಳೆಂದು ಘೋಷಿಸಿದ್ದು 1987ರ ಕಾಯ್ದೆಯಲ್ಲಿ. ಅದಿರು ಸಾಗಿಸುವ ಕ್ರಮ ಮಾತ್ರ ಆಗಲೂ ಈಗಲೂ ಒಂದೇ. ಡಿಚೋಲಿ, ಸತ್ತರಿ, ಸಾಂಗೇ ಕಡೆಯ ಗಣಿಯಿಂದ ಟಿಪ್ಪರ್ ಲಾರಿ ನದಿ ದಂಡೆಯ ಜೆಟ್ಟಿಗೆ ಅದಿರು ಒಯ್ಯುತ್ತದೆ. ಅಲ್ಲಿಂದ ಬಾರ್ಜುಗಳು ಮಾಂಡವಿ, ಜುವಾರಿ ನದಿಗಳಲ್ಲಿ ತೇಲಿ ಮಾರ್ಮಗೋವಾ ಬಂದರು ಸೇರುತ್ತವೆ. ಕರ್ನಾಟಕದವರು ಮಹದಾಯಿ ಎಂದು ಕರೆಯುವ ನದಿಯೇ ಈ ಮಾಂಡವಿ. ಗಣಿಯಿಂದ ಜೆಟ್ಟಿಗೆ ಕೆಲವೇ ಕಿಲೋಮೀಟರು. ಹಾಗಾಗಿ ಹೆಚ್ಚು ಟ್ರಿಪ್ಪು ಹೊಡೆದವನಿಗೆ ಹೆಚ್ಚು ಹಣ.

2003ರ ನಂತರ ಚೀನಾದ ಬೇಡಿಕೆ ಏರಿದಾಗ ಈ ಲೆಕ್ಕ ಹುಚ್ಚೆದ್ದು ಓಡಿತು. 2010-11ರಲ್ಲಿ ಗೋವಾದಿಂದ ಹೊರಹೋದ ಅದಿರು ಸುಮಾರು 5.4 ಕೋಟಿ ಟನ್. ಹೊಲ ಮಾರಿದವರು, ಒಡವೆ ಅಡವಿಟ್ಟವರು, ಗಣಿಗೆ ಜಮೀನು ಕಳೆದುಕೊಂಡವರು ಎಲ್ಲರೂ ಲಾರಿ ಕೊಂಡರು. ಗಣಿ ಬಂದು ಬೇಸಾಯ ಹಾಳಾದ ಊರಿನಲ್ಲಿ ಉಳಿದಿದ್ದ ಉದ್ಯೋಗವೇ ಅದು. ಅದೇ ಊರಿನ ಹೆಂಗಸರು ಮಕ್ಕಳು ಕೆಂಪು ಧೂಳು ಉಸಿರಾಡುತ್ತಿದ್ದರು ಎಂಬುದನ್ನೂ ಮರೆಯುವಂತಿಲ್ಲ. 2017ರ ಏಪ್ರಿಲ್‌ನಲ್ಲಿ ಸತ್ತರಿಯ ಸೋನ್ಶಿ ಗ್ರಾಮಸ್ಥರು ಧೂಳು ತಾಳಲಾರದೆ ಅದಿರು ಲಾರಿಗಳನ್ನು ತಡೆದರು. ಮಹಿಳೆಯರೂ ಸೇರಿ ಹಲವರು ಬಂಧನಕ್ಕೊಳಗಾದರು. ಲಾರಿಯ ಮಾಲೀಕನೂ ಲಾರಿ ತಡೆದವರೂ ಬಹುಮಟ್ಟಿಗೆ ಅಕ್ಕಪಕ್ಕದ ಊರಿನವರೇ.

ಹೊಗೆಯ ಕಾನೂನು ಹುಟ್ಟಿದ್ದು ಗಣಿಯಿಂದ ದೂರದಲ್ಲಿ, ದಿಲ್ಲಿಯಲ್ಲಿ. ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿ ರಾಜಧಾನಿಯ ಗಾಳಿಯ ಬಗ್ಗೆ ಇತ್ತು. 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ನಿಯಮಾವಳಿ 1989ರ ಜುಲೈ 1ರಿಂದ ಜಾರಿಗೆ ಬಂದವು; ಆ ನಿಯಮಾವಳಿಯ ನಿಯಮ 115 ದೇಶದ ಎಲ್ಲ ವಾಹನಗಳ ಹೊಗೆಗೂ ಮಿತಿ ಹಾಕಿತು. ನೋಂದಣಿಯಾಗಿ ಒಂದು ವರ್ಷ ಕಳೆದ ಗಾಡಿ ಹೊಗೆ ತಪಾಸಣೆಯ ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಅದನ್ನು ಆರು ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕು. ಮುಂದೆ ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ನಾಲ್ಕನೇ ಹಂತ, ಅಂದರೆ ಬಿಎಸ್-4, ಮತ್ತು ಅದರ ನಂತರದ ಗಾಡಿಗಳಿಗೆ ಈ ಅವಧಿ ಒಂದು ವರ್ಷವಾಯಿತು. ಮಿತಿ ಮೀರಿದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ ಎಂದಿದ್ದದ್ದನ್ನು 2019ರ ತಿದ್ದುಪಡಿ 10,000 ರೂಪಾಯಿಗೆ ಏರಿಸಿತು. ಅದಕ್ಕೂ ಮುಂಚೆ, 2017ರ ಆಗಸ್ಟ್‌ನಲ್ಲಿ, ಪಿಯುಸಿ ಇಲ್ಲದೆ ವಿಮೆ ನವೀಕರಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು.

ಕಾಗದದ ಮೇಲೆ ಇದು ಬಿಗಿಯಾದ ಕಾನೂನು. ಬೀದಿಯಲ್ಲಿ ನಡೆದದ್ದನ್ನು ಹೇಳಬೇಕಾದರೆ ಗ್ಯಾರೇಜಿಗೆ ಹೋಗಬೇಕು.

ಡೀಸೆಲ್ ಗಾಡಿಯ ತಪಾಸಣೆ ಸರಳ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ ಬಿಡುತ್ತಾರೆ. ಸೈಲೆನ್ಸರಿನಿಂದ ಬಂದ ಹೊಗೆ ಬೆಳಕನ್ನು ಎಷ್ಟು ತಡೆಯಿತು ಎಂಬುದನ್ನು ಯಂತ್ರ ಅಳೆಯುತ್ತದೆ. ಬಿಎಸ್-4ಕ್ಕಿಂತ ಹಳೆಯ ಗಾಡಿಗೆ ಮಿತಿ 65 ಹಾರ್ಟ್ರಿಜ್ ಯೂನಿಟ್, ಬಿಎಸ್-4ಕ್ಕೆ 50. ಹಳೆಯ ಎಂಜಿನ್ನಿನ ಡೀಸೆಲ್ ಪಂಪಿನಲ್ಲಿ ಇಂಧನದ ಪ್ರಮಾಣ ತಿದ್ದುವ ಒಂದು ಸ್ಕ್ರೂ ಇರುತ್ತದೆ. ತಪಾಸಣೆಗೆ ಮುಂಚೆ ಪಂಪಿನ ಮೇಸ್ತ್ರಿ ಅದನ್ನು ತಿರುಗಿಸಿ ಡೀಸೆಲ್ ಕಡಿಮೆ ಮಾಡಿದರೆ ಹೊಗೆ ತೆಳುವಾಗುತ್ತದೆ, ಗಾಡಿ ಪಾಸಾಗುತ್ತದೆ. ಆ ಸೆಟ್ಟಿಂಗಿನಲ್ಲಿ ಲೋಡು ಹೊತ್ತು ಅನಮೋಡ ಘಾಟು ಏರಲು ಆಗುವುದಿಲ್ಲ. ಆದ್ದರಿಂದ ಹೊರಬಂದ ಮೇಲೆ ಸ್ಕ್ರೂ ಮತ್ತೆ ಹಳೆಯ ಜಾಗಕ್ಕೆ ಹೋಗುತ್ತದೆ. ದೇಶದ ಲಾರಿ ಗ್ಯಾರೇಜುಗಳಲ್ಲಿ ಇದು ಗುಟ್ಟೇ ಅಲ್ಲ.

ಈ ತಪ್ಪನ್ನು ಲಾರಿಯವನ ಮೇಲೆ ಮಾತ್ರ ಹಾಕುವುದು ನ್ಯಾಯವಲ್ಲ. ನಿಂತಲ್ಲೇ ಖಾಲಿ ಎಂಜಿನ್ ಗರ್ಜಿಸುವಾಗ ಅಳೆದ ಹೊಗೆಗೂ, ತುಂಬಿದ ಲಾರಿ ಏರು ಹತ್ತುವಾಗ ಉಗುಳುವ ಹೊಗೆಗೂ ಹೆಚ್ಚು ಸಂಬಂಧವಿಲ್ಲ. ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳನ್ನು ಈ ತಪಾಸಣೆ ಅಳೆಯುವುದೇ ಇಲ್ಲ. ನಾಝಲ್ ಬದಲಿಸಿ, ಪಂಪ್ ಸರ್ವಿಸ್ ಮಾಡಿಸಿ, ಏರ್ ಫಿಲ್ಟರ್ ಹೊಸದು ಹಾಕಿದ ಪ್ರಾಮಾಣಿಕ ಮಾಲೀಕನಿಗೂ, ಸ್ಕ್ರೂ ತಿರುಗಿಸಿದವನಿಗೂ ಸಿಗುವುದು ಒಂದೇ ಕಾಗದ. ಹಾಗಾದ ಮೇಲೆ ಪ್ರಾಮಾಣಿಕತೆಗೆ ಹಣ ಸುರಿಯುವವರು ಎಷ್ಟು ದಿನ ಉಳಿದಾರು?

ಹೊಸ ಗಾಡಿಗಳಿಗೆ ಬೇರೆ ದಾರಿ ಹಿಡಿಯಲಾಯಿತು. ತಯಾರಕರೇ ಕಡಿಮೆ ಹೊಗೆಯ ಎಂಜಿನ್ ಕೊಡಬೇಕು, ತೈಲ ಕಂಪನಿಗಳು ಗಂಧಕ ಕಡಿಮೆಯಿರುವ ಡೀಸೆಲ್ ಕೊಡಬೇಕು. 2000ದಲ್ಲಿ ಮೊದಲ ಹಂತ ಬಂತು, 2005ರಲ್ಲಿ ದೇಶಕ್ಕೆಲ್ಲ ಬಿಎಸ್-2, 2010ರಲ್ಲಿ ಬಿಎಸ್-3. ಅದೇ 2010ರಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಬಿಎಸ್-4 ಬಂದರೂ ನ್ಯಾಷನಲ್ ಪರ್ಮಿಟ್, ಅಂತರರಾಜ್ಯ ಪರ್ಮಿಟ್ ಇದ್ದ ಲಾರಿಗಳಿಗೆ ವಿನಾಯಿತಿ ಇತ್ತು. ಕಾರಣ ಡೀಸೆಲ್. ನಗರದ ಬಂಕಿನಲ್ಲಿ ಹತ್ತು ಲಕ್ಷಕ್ಕೆ 50 ಭಾಗ ಗಂಧಕದ ಇಂಧನ, ಹೆದ್ದಾರಿಯ ಬಂಕಿನಲ್ಲಿ 350 ಭಾಗದ್ದು. ಊರೂರು ಅಲೆಯುವ ಲಾರಿ ನಗರದ ಡೀಸೆಲ್ಲಿಗೆ ಕಾಯಲಾರದು. ಕರ್ನಾಟಕ, ಗೋವಾಗಳಲ್ಲಿ ಬಿಎಸ್-4 ಇಂಧನ ರಾಜ್ಯದ ಉದ್ದಗಲಕ್ಕೂ ಸಿಕ್ಕಿದ್ದು 2016ರ ಏಪ್ರಿಲ್‌ನಿಂದ, ದೇಶಕ್ಕೆಲ್ಲ 2017ರ ಏಪ್ರಿಲ್ 1ರಿಂದ.

ಆ ದಿನಕ್ಕೆ ಮೂರು ದಿನ ಮುಂಚೆ, ಮಾರ್ಚ್ 29ರಂದು, ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕೂರ್ ಮತ್ತು ದೀಪಕ್ ಗುಪ್ತಾ ಅವರ ಸುಪ್ರೀಂ ಕೋರ್ಟ್ ಪೀಠ ಏಪ್ರಿಲ್ 1ರಿಂದ ಬಿಎಸ್-3 ಗಾಡಿಗಳ ಮಾರಾಟ, ನೋಂದಣಿ ಎರಡನ್ನೂ ನಿಲ್ಲಿಸುವಂತೆ ಆದೇಶಿಸಿತು. ತಯಾರಕರ ಬಳಿ ಆಗ ಮಾರಾಟವಾಗದೆ ಉಳಿದಿದ್ದ 8.24 ಲಕ್ಷ ಬಿಎಸ್-3 ವಾಹನಗಳಲ್ಲಿ 96,000ಕ್ಕೂ ಹೆಚ್ಚು ವಾಣಿಜ್ಯ ವಾಹನಗಳು. ಉಳಿದ ಎರಡು ದಿನ ಷೋರೂಮುಗಳ ಮುಂದೆ ರಿಯಾಯಿತಿಯ ಸಂತೆ ನೆರೆಯಿತು. ಜನರ ಆರೋಗ್ಯ ಕಂಪನಿಗಳ ಲಾಭಕ್ಕಿಂತ ಮುಖ್ಯ ಎಂಬ ನ್ಯಾಯಾಲಯದ ನಿಲುವು ಸರಿಯಾದದ್ದೇ. ಆದರೆ ಆ ಎರಡು ದಿನಗಳಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಹಂತದ ಲಾರಿ ಕೊಂಡ ಸಣ್ಣವನು ಮುಂದಿನ ಹದಿನೈದು ವರ್ಷಗಳ ಹೊಗೆಯ ಹೊಣೆಯನ್ನೂ ಅದರ ಜೊತೆಗೇ ಹೊತ್ತುಕೊಂಡ.

ಇತ್ತ ಗೋವಾದಲ್ಲಿ ಅಷ್ಟು ಹೊತ್ತಿಗೆ ಲಾರಿಗಳು ಒಮ್ಮೆ ನಿಂತು ಮತ್ತೆ ಹೊರಟಿದ್ದವು. ಅಕ್ರಮ ಗಣಿಗಾರಿಕೆಯ ತನಿಖೆ ನಡೆಸಿದ ನ್ಯಾಯಮೂರ್ತಿ ಎಂ.ಬಿ. ಷಾ ಆಯೋಗದ ವರದಿ 2012ರ ಸೆಪ್ಟೆಂಬರ್ 7ರಂದು ಸಂಸತ್ತಿನ ಮುಂದೆ ಬಂತು. ಮೂರೇ ದಿನದಲ್ಲಿ ರಾಜ್ಯ ಸರ್ಕಾರ ಗಣಿಗಾರಿಕೆ ನಿಲ್ಲಿಸಿತು; ಅಕ್ಟೋಬರ್ 5ರಂದು ಸುಪ್ರೀಂ ಕೋರ್ಟ್ ಸಾಗಣೆಯನ್ನೂ ತಡೆಯಿತು. 2014ರ ಏಪ್ರಿಲ್ 21ರ ತೀರ್ಪು ವರ್ಷಕ್ಕೆ 2 ಕೋಟಿ ಟನ್‌ಗಳ ಮಿತಿ ಹಾಕಿ ಬಾಗಿಲು ತೆರೆದರೂ ಗಣಿಗಳು ಮತ್ತೆ ಕೆಲಸ ಹಿಡಿದದ್ದು 2015ರಲ್ಲಿ. ನಡೆದದ್ದು ಎರಡೂವರೆ ವರ್ಷ. 2018ರ ಫೆಬ್ರುವರಿ 7ರಂದು ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಿತು. ಮಾರ್ಚ್ 16ರಿಂದ ಗಣಿಗಳು ಮತ್ತೆ ಮುಚ್ಚಿದವು. ಹರಾಜಿನ ನಂತರ ಡಿಚೋಲಿಯ ಗಣಿ ತೆರೆದದ್ದು 2024ರ ಏಪ್ರಿಲ್‌ನಲ್ಲಿ.

2008ರಲ್ಲಿ ಕೊಂಡ ಒಂದು ಟಿಪ್ಪರಿನ ಲೆಕ್ಕ ಹಾಕೋಣ. 2023ಕ್ಕೆ ಅದಕ್ಕೆ ಹದಿನೈದು ವರ್ಷ. ಅದರಲ್ಲಿ ಅದಿರು ಹೊತ್ತದ್ದು 2012ರವರೆಗೆ ನಾಲ್ಕು ವರ್ಷ ಚಿಲ್ಲರೆ, ಆಮೇಲೆ ಎರಡೂವರೆ ವರ್ಷ. ನಡುವೆ ಹರಾಜಾದ ಹಳೆಯ ಅದಿರಿನ ರಾಶಿ ಸಾಗಿಸುವ ಕೆಲಸ ಅಲ್ಲಿ ಇಲ್ಲಿ ಸಿಕ್ಕಿತು. ಕೆಲವರು ಜಲ್ಲಿ, ಮಣ್ಣು ಹೊತ್ತರು. ಮೋಪಾ ವಿಮಾನ ನಿಲ್ದಾಣದ ಕಾಮಗಾರಿ, ಹೆದ್ದಾರಿ ಅಗಲೀಕರಣ ಒಂದಷ್ಟು ಗಾಡಿಗಳಿಗೆ ಅನ್ನ ಕೊಟ್ಟವು. ಕುಂಡಯಿಯಂಥ ವಸಾಹತುಗಳಲ್ಲಿ ಬಾಡಿಗೆ ಹುಡುಕಿದವರಿಗೆ ಟಿಪ್ಪರಿನ ಮೈ ಅಡ್ಡಿಯಾಯಿತು, ಮೊದಲೇ ಬೇರೂರಿದ ಸ್ಥಳೀಯ ಲಾರಿ ಸಂಘಗಳ ಸರತಿಯೂ ಅಡ್ಡಿಯಾಯಿತು. ಉಳಿದ ಗಾಡಿಗಳು ಅಂಗಳದಲ್ಲಿ, ಗೇರು ತೋಟದ ಅಂಚಿನಲ್ಲಿ, ರಸ್ತೆ ಬದಿಯಲ್ಲಿ ಒಂದರ ಹಿಂದೆ ಒಂದು ನಿಂತವು. ಗೋವಾದ ಮಳೆಗಾಲ ಕಬ್ಬಿಣಕ್ಕೆ ಕರುಣೆ ತೋರುವುದಿಲ್ಲ. ಮಡ್‌ಗಾರ್ಡಿನ ತುಕ್ಕು ಚಾಸಿಗೆ ಇಳಿಯಿತು, ಟೈರುಗಳು ಬಿರುಕು ಬಿಟ್ಟವು, ಟ್ಯಾಂಕಿನಲ್ಲಿ ನೀರು ಸೇರಿ ನಾಝಲುಗಳು ಕಟ್ಟಿಕೊಂಡವು.

ಗಾಡಿ ಬಳಕೆಯಲ್ಲಿಲ್ಲ ಎಂದು ಆರ್‌ಟಿಒಗೆ ಬರೆದುಕೊಟ್ಟರೆ ತೆರಿಗೆಯಿಂದ ವಿನಾಯಿತಿ ಸಿಗಬಹುದು. ವಯಸ್ಸಿನಿಂದ ವಿನಾಯಿತಿ ಇಲ್ಲ.

ಈಗಿನ ಕಾನೂನು ಹೊಗೆಗಿಂತ ಹೆಚ್ಚಾಗಿ ನೋಡುವುದು ಆ ವಯಸ್ಸನ್ನೇ. ವಾಣಿಜ್ಯ ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. 2021ರ ಅಕ್ಟೋಬರ್‌ನ ಅಧಿಸೂಚನೆ ಹದಿನೈದು ವರ್ಷ ದಾಟಿದ ಭಾರಿ ಲಾರಿಯ ಎಫ್‌ಸಿ ನವೀಕರಣಕ್ಕೆ 12,500 ರೂಪಾಯಿ ನಿಗದಿ ಮಾಡಿತು. ಅವಧಿ ಮುಗಿದ ಮೇಲೆ ತಡವಾದ ಪ್ರತಿ ದಿನಕ್ಕೆ 50 ರೂಪಾಯಿ ಹೆಚ್ಚುವರಿ. ಹಸಿರು ತೆರಿಗೆ ಎಂಬ ಹೆಸರಿನಲ್ಲಿ ಕರ್ನಾಟಕ ಏಳು ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷಕ್ಕೆ 200 ರೂಪಾಯಿ ಹಾಕಿದ್ದ ಕಾಲಕ್ಕೆ ಹೋಲಿಸಿದರೆ ಇದು ಬೇರೆಯೇ ಲೋಕ. ಹಳೆಯ ಗಾಡಿ ಇಟ್ಟುಕೊಳ್ಳುವುದು ನಷ್ಟ ಎನ್ನಿಸಬೇಕು, ಮಾಲೀಕ ತಾನಾಗಿ ಗುಜರಿಗೆ ಕೊಡಬೇಕು ಎಂಬುದು 2021ರ ಆಗಸ್ಟ್ 13ರಂದು ಪ್ರಕಟವಾದ ಗುಜರಿ ನೀತಿಯ ಉದ್ದೇಶ. ದೊಡ್ಡ ಕಂಪನಿ ಹಾಗೆ ಮಾಡಬಲ್ಲದು. ಅದು ಐದಾರು ವರ್ಷಕ್ಕೇ ಗಾಡಿ ಮಾರಿ ಹೊಸದು ತರುತ್ತದೆ. ಅದು ಮಾರಿದ ಗಾಡಿಯನ್ನೇ ಸಣ್ಣ ಮಾಲೀಕ ಎರಡನೇ ಕೈಯಾಗಿ ಕೊಳ್ಳುವುದು. ಹೀಗೆ ಹೊಗೆಯ ಶಿಕ್ಷೆ ಯಾವಾಗಲೂ ಸಾಲಿನ ಕೊನೆಯಲ್ಲಿ ನಿಂತವನ ತಲೆಗೇ ಬೀಳುತ್ತದೆ.

ಹೊಸದು ತರೋಣವೆಂದರೆ 2020ರ ಏಪ್ರಿಲ್ 1ರಿಂದ ಮಾರುಕಟ್ಟೆಯಲ್ಲಿರುವುದು ಬಿಎಸ್-6 ಮಾತ್ರ. ಬಿಎಸ್-5ನ್ನು ಬಿಟ್ಟು ಭಾರತ ನೇರ ಆರಕ್ಕೆ ಹಾರಿತು. ಡೀಸೆಲ್ಲಿನ ಗಂಧಕ 10 ಭಾಗಕ್ಕೆ ಇಳಿಯಿತು. ಹೊಗೆಯ ಕಣಗಳನ್ನು ಹಿಡಿಯಲು ಸೈಲೆನ್ಸರಿನಲ್ಲಿ ಫಿಲ್ಟರ್, ಸಾರಜನಕದ ಆಕ್ಸೈಡುಗಳನ್ನು ತಗ್ಗಿಸಲು ಶೇ 32.5 ಯೂರಿಯಾ ಇರುವ ದ್ರಾವಣದ ಟ್ಯಾಂಕು. ಲಾರಿಯವರು ಅದನ್ನು ಯೂರಿಯಾ ಎಂದೇ ಕರೆಯುತ್ತಾರೆ. ಇದರಿಂದ ಗಾಳಿಗೆ ಆದ ಲಾಭ ದೊಡ್ಡದು. ಒಳ್ಳೆಯ ಫಿಲ್ಟರ್ ಇರುವ ಎಂಜಿನ್ ಹಳೆಯ ಎಂಜಿನ್ನಿಗಿಂತ ಬಹಳ ಕಡಿಮೆ ಕಣಗಳನ್ನು ಉಗುಳುತ್ತದೆ. ಆದರೆ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುದ್ಧಮಾಡಿಕೊಳ್ಳಲು ಎಂಜಿನ್ ಸಾಕಷ್ಟು ಹೊತ್ತು ಬಿಸಿಯಾಗಿ ಓಡಬೇಕು. ಗಣಿಯಿಂದ ಜೆಟ್ಟಿಗೆ, ವಸಾಹತಿನಿಂದ ಬಂದರಿಗೆ ಚಿಕ್ಕ ಓಟ ಓಡಿ ಸರತಿಯಲ್ಲಿ ಎಂಜಿನ್ ಚಾಲೂ ಇಟ್ಟು ಕಾಯುವ ಗೋವಾದ ಗಾಡಿಗೆ ಅದು ಕಷ್ಟ. ಫಿಲ್ಟರ್ ಕಟ್ಟಿಕೊಂಡರೆ, ಸೆನ್ಸರ್ ಕೆಟ್ಟರೆ ಕಂಪ್ಯೂಟರ್ ಎಂಜಿನ್ನಿನ ಶಕ್ತಿ ತಗ್ಗಿಸುತ್ತದೆ. ಸ್ಪ್ಯಾನರ್ ಹಿಡಿದು ಬೆಳೆದ ಮೇಸ್ತ್ರಿಗೆ ಅಲ್ಲಿ ಕೆಲಸವಿಲ್ಲ. ಲ್ಯಾಪ್‌ಟಾಪ್ ಇರುವ ಕಂಪನಿ ಸರ್ವಿಸ್ ಸೆಂಟರಿಗೇ ಹೋಗಬೇಕು. ಬೆಲೆಯಂತೂ ಹಳೆಯ ಗಾಡಿಗಿಂತ ಲಕ್ಷಗಳ ಲೆಕ್ಕದಲ್ಲಿ ಮೇಲೆ.

ಗಡಿಯ ಈಚೆಗೂ ಇದೇ ಇತಿಹಾಸ ಇನ್ನೊಂದು ರೂಪದಲ್ಲಿ ನಡೆದಿದೆ. ಸಂಡೂರು, ಹೊಸಪೇಟೆಯ ಅದಿರು ಹುಬ್ಬಳ್ಳಿ-ಅಂಕೋಲಾ ರಸ್ತೆಯಲ್ಲಿ ಬೇಲೆಕೇರಿಗೂ ಕಾರವಾರಕ್ಕೂ ಹೋಗುತ್ತಿದ್ದ ದಿನಗಳಲ್ಲಿ ಬಳ್ಳಾರಿ ಸೀಮೆಯಲ್ಲಿ ಸಾಲ ಮಾಡಿ ಲಾರಿ ಕೊಳ್ಳದವರೇ ವಿರಳ. 2010ರ ಜುಲೈನಲ್ಲಿ ರಾಜ್ಯ ಅದಿರು ರಫ್ತಿಗೆ ತಡೆ ಹಾಕಿತು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದದ್ದು 2011ರ ಜುಲೈ 27ರಂದು. ಎರಡು ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಲೂಟಿ ನಿಂತದ್ದು ಸರಿ. ಕಂತು ಕಟ್ಟಲಾಗದವರ ಗಾಡಿಗಳನ್ನು ಫೈನಾನ್ಸಿನವರು ಎಳೆದೊಯ್ದದ್ದೂ ಅದೇ ಕಾಲದಲ್ಲಿ.

ಹೊರಗಿನ ಒಂದು ಉದಾಹರಣೆ ಇಲ್ಲಿ ನೆನೆಯಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2008ರ ಡಿಸೆಂಬರ್‌ನಲ್ಲಿ ಹಳೆಯ ಡೀಸೆಲ್ ಲಾರಿಗಳನ್ನು ಹಂತಹಂತವಾಗಿ ತೆಗೆಯುವ ನಿಯಮ ಮಾಡಿತು. 2023ರ ಜನವರಿಯಿಂದ ಹೆಚ್ಚುಕಡಿಮೆ ಎಲ್ಲ ಭಾರಿ ಲಾರಿಗಳಿಗೂ 2010ರ ಮಟ್ಟದ ಎಂಜಿನ್ ಬೇಕು. ನಿಯಮ ಮುರಿದ ಗಾಡಿಯ ನೋಂದಣಿ ಮಾಡದಿರುವುದು 2020ರಿಂದಲೇ ಶುರುವಾಗಿತ್ತು. ಒಂಟಿ ಲಾರಿಯ ಮಾಲೀಕರು ಅಲ್ಲೂ ಗೋಳಾಡಿದರು, ಕೋರ್ಟಿಗೆ ಹೋದರು. ಆದರೆ ಅಲ್ಲಿ ಒಂದರಿಂದ ಮೂರು ಲಾರಿ ಇದ್ದವರಿಗೆ ಹೆಚ್ಚಿನ ಕಾಲಾವಕಾಶ ಇತ್ತು. ಹಳೆಯ ಎಂಜಿನ್ ಬದಲಿಸಲು 1998ರಿಂದಲೇ ನಡೆಯುತ್ತಿದ್ದ ಅನುದಾನ ಇತ್ತು, 2006ರಲ್ಲಿ ಮತದಾರರೇ ಒಪ್ಪಿದ ಬಾಂಡಿನಲ್ಲಿ ಸರಕು ಸಾಗಣೆಯ ಹೊಗೆ ತಗ್ಗಿಸಲು 100 ಕೋಟಿ ಡಾಲರ್ ಇತ್ತು. ಆದೇಶದ ಜೊತೆಗೆ ಹಣವೂ ಬಂತು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ನಮ್ಮಲ್ಲಿ ಬಂದಿರುವುದು ಏನು? ಗುಜರಿಗೆ ಕೊಟ್ಟು ಹೊಸ ವಾಣಿಜ್ಯ ವಾಹನ ಕೊಂಡರೆ ರಸ್ತೆ ತೆರಿಗೆಯಲ್ಲಿ ಶೇ 15ರವರೆಗೆ ರಿಯಾಯಿತಿ. 2024ರ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ವಿದ್ಯುತ್ ಲಾರಿಗಳಿಗೆ 500 ಕೋಟಿ ರೂಪಾಯಿ. ಹಳೆಯ ಲಾರಿ ಗುಜರಿಗೆ ಕೊಟ್ಟವರಿಗೆ ಒಂದು ವಿದ್ಯುತ್ ಲಾರಿಗೆ 9.6 ಲಕ್ಷದವರೆಗೆ ನೆರವು. ಇಡೀ ದೇಶಕ್ಕೆ ಸುಮಾರು 5,600 ಲಾರಿಗಳಷ್ಟೇ ಗುರಿ. ಫೋಂಡಾದಲ್ಲೋ ಖಾನಾಪುರದಲ್ಲೋ ಒಂದು ಲಾರಿ ಇಟ್ಟುಕೊಂಡವನಿಗೆ ಆ ನೆರವು ತಲುಪುವ ದಾರಿ ದೂರ.

ಆದರೆ ಗಣಿ ನಾಡುಗಳಿಗೆ ಹತ್ತಿರದ ದಾರಿಯೊಂದಿದೆ. 2015ರ ಗಣಿ ಕಾಯ್ದೆಯ ತಿದ್ದುಪಡಿಯಂತೆ ಉತ್ತರ ಗೋವಾ, ದಕ್ಷಿಣ ಗೋವಾ, ಬಳ್ಳಾರಿ ಎಲ್ಲ ಕಡೆ ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ. ಗಣಿಯಿಂದ ತೊಂದರೆಗೊಳಗಾದ ಜನ ಮತ್ತು ಪ್ರದೇಶದ ಒಳಿತಿಗೆಂದೇ ಅಲ್ಲಿ ಹಣ ಸೇರುತ್ತದೆ. ಪರಿಸರ ರಕ್ಷಣೆ, ಮಾಲಿನ್ಯ ನಿಯಂತ್ರಣ ಅದರ ಆದ್ಯತೆಯ ಪಟ್ಟಿಯಲ್ಲೇ ಇವೆ. ಕರ್ನಾಟಕದಲ್ಲಿ ಗಣಿ ಪರಿಸರ ಪುನಶ್ಚೇತನ ನಿಗಮವೂ ಇದೆ. ಅದಿರಿನ ಧೂಳು ಕುಡಿದ ಊರಿನಲ್ಲಿ ಅದಿರು ಹೊತ್ತ ಹಳೆಯ ಲಾರಿಯನ್ನು ತೆಗೆಸಿ, ಅದರ ಮಾಲೀಕನಿಗೆ ಕಡಿಮೆ ಬಡ್ಡಿಯಲ್ಲಿ ಶುದ್ಧವಾದ ಲಾರಿ ಕೊಡಿಸುವುದಕ್ಕಿಂತ ಆ ಹಣಕ್ಕೆ ಸಲ್ಲುವ ಕೆಲಸ ಇನ್ನಾವುದಿದೆ? ಒಂದರಿಂದ ಮೂರು ಲಾರಿ ಇದ್ದವರಿಗೆ ಮೊದಲ ಸಾಲು ಇರಲಿ. ಎಫ್‌ಸಿ ಕೊಡುವಾಗ ಹುಟ್ಟಿದ ವರ್ಷದ ಜೊತೆಗೆ ಓಡಿದ ಕಿಲೋಮೀಟರನ್ನೂ, ಲೋಡಿನಲ್ಲಿ ಅಳೆದ ಹೊಗೆಯನ್ನೂ ನೋಡಲಿ. ಎರಡೂ ರಾಜ್ಯಗಳ ಸಾರಿಗೆ ಮತ್ತು ಗಣಿ ಇಲಾಖೆಗಳು ಒಟ್ಟಿಗೆ ಕೂತು ಇದನ್ನು ತೀರ್ಮಾನಿಸಬೇಕು. 2008ರಿಂದ 2011ರವರೆಗಿನ ಗಣಿ ಭರಾಟೆಯಲ್ಲಿ ಕೊಂಡ ಲಾರಿಗಳಲ್ಲಿ ಕೊನೆಯವೂ ಈ ವರ್ಷಗಳಲ್ಲೇ ಹದಿನೈದು ದಾಟುತ್ತಿವೆ.